ಲೆಕ್ ನದಿ ಏರಿಯ ಬೇರುಹುಳು

ನ್ಯೂವೆಗೈನ್, ಭಾನುವಾರ

ಹುಳುಗಳಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಜಾತಿ: ಸತ್ತವು ಮತ್ತು ಇನ್ನೂ ಸಾಯದವು. ಕೃಷಿ ಇಲಾಖೆಯ ಸಸ್ಯ ಸಂರಕ್ಷಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವಳಿಗೆ ಮೂರನೆಯದೊಂದು ಜಾತಿ ಇರಬಹುದೆಂಬ ಅನುಮಾನ ಬರುವುದಿಲ್ಲ. ಮಂಡ್ಯ, ಮದ್ದೂರು, ಕೊಳ್ಳೇಗಾಲ ಎಂದು ವರ್ಗವಾದಲ್ಲೆಲ್ಲ ಕಬ್ಬಿನ ಸಾಲುಗಳ ನಡುವೆ ಬಗ್ಗಿ ನಡೆದು ಸುಳಿಕೊರಕ, ಗೊಣ್ಣೆಹುಳು, ಗೆದ್ದಲುಗಳ ಜಾತಕವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ರೈತರು ಎದುರಿಗೆ ‘ಮೇಡಂ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಹುಳದಮ್ಮ’. ಎರಡನೆಯ ಹೆಸರಿನಲ್ಲೇ ಹೆಚ್ಚು ಮರ್ಯಾದೆ ಇದೆಯೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ನಿವೃತ್ತಳಾದ ವರ್ಷ, ತೊಂಬತ್ತೆಂಟರ ಜೂನ್ ತಿಂಗಳಲ್ಲಿ, ಅಕ್ಕನ ಮಗಳು ಸೌಮ್ಯಾ ನನ್ನನ್ನು ಹಾಲೆಂಡಿಗೆ ಕರೆಸಿಕೊಂಡಳು. ಅವಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಫೋನಿನಲ್ಲಿ ಅಂದದ್ದು, “ಬನ್ನಿ ಚಿಕ್ಕಮ್ಮ, ನಿಮಗೆ ನನ್ನ ಹುಳ ತೋರಿಸ್ತೀನಿ.” ಹೊಸ ಮನೆ ತೋರಿಸುತ್ತೇನೆ, ಮಗು ತೋರಿಸುತ್ತೇನೆ ಎಂದು ಕರೆಯುವ ನೆಂಟರನ್ನು ಕಂಡಿದ್ದೆ. ಹುಳು ತೋರಿಸುತ್ತೇನೆಂದು ಏಳು ಸಮುದ್ರದಾಚೆಗೆ ಕರೆದವಳು ಇವಳೊಬ್ಬಳೇ.

ಸೌಮ್ಯಾ ಬಾಡಿಗೆಗಿದ್ದದ್ದು ನ್ಯೂವೆಗೈನ್ ಎಂಬ ಊರಿನಲ್ಲಿ. ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆ ಮನೆಗಳು. ಮುಂದಿನ ಕಿಟಕಿಗಳಿಗೆ ಪರದೆಯೇ ಇಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಯಾರು ಏನು ತಿನ್ನುತ್ತಿದ್ದಾರೆ ಎಂದು ನೋಡಬಹುದು. ಆದರೆ ಯಾರೂ ನೋಡುವುದಿಲ್ಲ. ನಾನೊಬ್ಬಳೇ ನೋಡಿದ್ದು, ಅದಕ್ಕೆ ಸೌಮ್ಯಾಳಿಂದ ಬೈಸಿಕೊಂಡದ್ದೂ ನಾನೊಬ್ಬಳೇ. ಮನೆಯ ಮಾಲಕಿ ಕಕ್ಕಸಿನ ಗೋಡೆಗೆ ನೆಂಟರಿಷ್ಟರ ಹುಟ್ಟಿದಹಬ್ಬದ ಕ್ಯಾಲೆಂಡರ್ ತೂಗುಹಾಕಿದ್ದರು. ದಿನಕ್ಕೊಮ್ಮೆ ತಪ್ಪದೆ ಕಣ್ಣಿಗೆ ಬೀಳುವ ಜಾಗ ಅದೇ ತಾನೇ ಎಂದು ಯೋಚಿಸಿ, ಇವರ ಬುದ್ಧಿಗೆ ಅಲ್ಲೇ ಕುಳಿತು ಕೈಮುಗಿದೆ.

ಊಟ ಮಾಡುತ್ತಾ ಸೌಮ್ಯಾ ತನ್ನ ಹುಳುವಿನ ವಿಚಾರ ಹೇಳಿದಳು. ಅದೊಂದು ಪತಂಗದ ಮರಿ. ಡಚ್ಚಿನಲ್ಲಿ ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತದೆ; ಅರ್ಥ ಮಾತ್ರ ತೋಳಹಾಲಿನ ಕಣಜಚಿಟ್ಟೆ ಎಂದಂತೆ. ನದಿಯ ಏರಿಗಳ ಮೇಲೆ ತೋಳಹಾಲು ಎಂಬ ಗಿಡ ಬೆಳೆಯುತ್ತದೆ, ನಮ್ಮ ಕಳ್ಳಿಯ ದೂರದ ನೆಂಟ. ಮುಳ್ಳಿಲ್ಲ, ಮೊಣಕಾಲೆತ್ತರ, ಸಣ್ಣ ಎಲೆ, ಹಳದಿ ಬೆರೆತ ಹಸಿರು ಹೂವು. ಮುರಿದರೆ ಅದೇ ಕಣ್ಣುರಿಸುವ ಬಿಳಿ ಹಾಲು. ಆ ಗಿಡದ ಬೇರಿನೊಳಗೆ ಈ ಹುಳು ಸೇರಿಕೊಂಡು, ಬೇರನ್ನೇ ತಿಂದು ಬೆಳೆದು, ಅಲ್ಲೇ ಕೋಶವಾಗಿ, ಬೇಸಿಗೆಯ ಒಂದು ಬೆಳಿಗ್ಗೆ ಹೊರಗೆ ಬರುತ್ತದೆ. ಹಗಲಿನಲ್ಲೇ ಹಾರುವ ಪತಂಗ. ನೋಡಿದರೆ ಥೇಟ್ ಕಣಜ, ಆದರೆ ಕಚ್ಚಲು ಏನೂ ಇಲ್ಲ.

“ಬೇರು ತಿನ್ನೋ ಹುಳ ಅಂದ್ಮೇಲೆ ಇಲ್ಲಿ ಏನು ಹೊಡೀತಾರೆ?” ಎಂದೆ.

“ಏನೂ ಹೊಡೆಯಲ್ಲ ಚಿಕ್ಕಮ್ಮ. ಉಳಿಸೋಕೆ ಒದ್ದಾಡ್ತಿದೀವಿ.”

“ಕಳೆಗಿಡಾನೂ ಉಳೀಬೇಕು, ಅದರ ಬೇರು ತಿನ್ನೋ ಹುಳಾನೂ ಉಳೀಬೇಕು! ಎರಡರಲ್ಲಿ ಒಂದನ್ನಾದ್ರೂ ಸಾಯಿಸ್ರೇ, ಲೆಕ್ಕ ಸರಿಹೋಗ್ಲಿ.”

ಅವಳು ನಗಲಿಲ್ಲ. ಆಗ ವಿಷಯ ಗಂಭೀರವಾದದ್ದೆಂದು ತಿಳಿಯಿತು. ಮೂರು ವರ್ಷದ ಹಿಂದೆ ಇಲ್ಲಿನ ನದಿಗಳು ಉಕ್ಕಿ, ಏರಿ ಒಡೆಯುವ ಭಯದಿಂದ ಜನರನ್ನೂ ದನಗಳನ್ನೂ ಊರು ಬಿಡಿಸಿದ್ದರಂತೆ. ಅಂದಿನಿಂದ ಏರಿಗಳನ್ನು ಕೆರೆದು, ಅಗಲ ಮಾಡಿ, ಗಟ್ಟಿ ಮಾಡುತ್ತಿದ್ದಾರೆ. ಸೌಮ್ಯಾಳ ಹುಳು ಇರುವ ತುಂಡಿಗೆ ಮರುದಿನ ಬಿಟ್ಟು ಅದರಾಚೆಯ ಸೋಮವಾರ ಯಂತ್ರಗಳು ಬರುವುದಿತ್ತು. ಏರಿ ನೋಡಿಕೊಳ್ಳುವ ನೀರಿನ ಮಂಡಳಿಯವರು ಕೆಟ್ಟವರಲ್ಲ. ಪತಂಗ ಇಲ್ಲೇ ಮರಿ ಮಾಡುತ್ತದೆಂದು ತೋರಿಸಿದರೆ, ಆ ಇಳಿಜಾರಿನ ಹುಲ್ಲುಮಣ್ಣನ್ನು ಬೇರುಸಮೇತ ಹಲಗೆ ಹಲಗೆಯಾಗಿ ಕೊಯ್ದು, ಪಕ್ಕದಲ್ಲಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಹೊದಿಸುತ್ತೇವೆ ಎಂದಿದ್ದರು. ಹಾರುವ ಪತಂಗ ಸಾಕ್ಷಿಯಾಗದು, ಅದು ಎಲ್ಲಿಂದಲೋ ಹಾರಿ ಬಂದಿರಬಹುದು. ಬೇರಿನಲ್ಲೇ ಸಿಗಬೇಕು. ಅಪರೂಪದ ಜೀವಿಯಾದ್ದರಿಂದ ಐದೇ ಐದು ಗಿಡ ಕೀಳಲು ಸೌಮ್ಯಾಳಿಗೆ ಅಪ್ಪಣೆ ಸಿಕ್ಕಿತ್ತು. ನಾಲ್ಕು ಕಿತ್ತು ಸೀಳಿ ನೋಡಿದ್ದಳು. ನಾಲ್ಕೂ ಖಾಲಿ. ಶುಕ್ರವಾರ ಬೆಳಿಗ್ಗೆ ಮಂಡಳಿಯ ಎಂಜಿನಿಯರ್ ಬಂದು ಕೊನೆಯ ತೀರ್ಮಾನ ಹೇಳುತ್ತಾರೆ.

“ಉಳಿದಿರೋದು ಒಂದೇ ಗಿಡ. ಯಾವುದನ್ನ ಕೀಳ್ಬೇಕು ಅಂತ ಹದಿನೈದು ದಿನದಿಂದ ನಿದ್ದೆ ಇಲ್ಲ,” ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ನನಗೆ ತಿಳಿದಿದ್ದ ಸಮಾಧಾನ ಅದೊಂದೇ.

ಏರಿಯ ಮೇಲೆ, ಸೋಮವಾರ

ಐವತ್ತೆಂಟು ವರ್ಷದ ಹೆಂಗಸು ಸೀರೆಯುಟ್ಟು, ಮೇಲೆ ಸ್ವೆಟರ್ ತೊಟ್ಟು, ಸೈಕಲ್ಲಿನ ಕ್ಯಾರಿಯರ್ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿಕೊಂಡು ಹೋದರೆ ನಮ್ಮಲ್ಲಿ ಮೂರು ಬೀದಿ ಜನ ಸೇರುತ್ತಾರೆ. ಇಲ್ಲಿ ಎದುರಾದ ಮುದುಕರೂ ಮಕ್ಕಳೂ ‘ದಾಹ್’ ಎಂದು ನಮಸ್ಕಾರ ಹೇಳಿ ಹೋದರು, ಅಷ್ಟೆ. ಬೀಳದಂತೆ ಸೌಮ್ಯಾಳ ಸೊಂಟ ಹಿಡಿದುಕೊಂಡು, ಗೊತ್ತಿದ್ದ ದೇವರನ್ನೆಲ್ಲ ನೆನೆದು ಮುಗಿಸುವ ಹೊತ್ತಿಗೆ ಏರಿ ಬಂತು.

ಏರಿ ನನಗೆ ಹೊಸದಲ್ಲ. ಕೆರೆ ಏರಿಯ ಮೇಲೆ ಆಡಿ ಬೆಳೆದವಳು ನಾನು. ಆದರೆ ಈ ಏರಿಯ ಮೇಲೆ ನಿಂತು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ನೋಡಿದವಳು ಸೌಮ್ಯಾಳ ತೋಳು ಹಿಡಿದುಕೊಂಡೆ. ಎಡಗಡೆ ಲೆಕ್ ನದಿ, ಅದರ ಮೇಲೆ ಒಂದು ಬೀದಿಯಷ್ಟು ಉದ್ದದ ಸರಕಿನ ದೋಣಿ. ಬಲಗಡೆ ಮನೆಗಳು, ಹಸುಗಳು, ಶಾಲೆ. ನದಿಯ ನೀರಿಗಿಂತ ಹಸುಗಳು ಕೆಳಗಿವೆ! ದೋಣಿಯವನು ಬಗ್ಗಿದರೆ ಮನೆಯ ಹೆಂಚು ಕಾಣುತ್ತದೆ. ನಮ್ಮಲ್ಲಿ ನೀರು ಬರಲಿ ಎಂದು ನಾಲೆ ತೋಡುತ್ತೇವೆ; ಇವರು ನೀರೇ, ದಯವಿಟ್ಟು ಬರಬೇಡ ಎಂದು ನೂರಾರು ವರ್ಷಗಳಿಂದ ಒಂದು ಮಣ್ಣಿನ ಗೋಡೆಗೆ ಒರಗಿಕೊಂಡು ಸಂಸಾರ ಮಾಡುತ್ತಿದ್ದಾರೆ. ನಾನು ಚಪ್ಪಲಿ ಕಳಚಿ, ಆ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಿಂತೆ.

ಅಲ್ಲಿಗೆ ಹೆಂಕ್ ಬಂದರು. ಏರಿಯ ಬುಡದ ಮನೆಯವರು. ಬೇಕರಿ ನಡೆಸಿ ಸಾಕುಮಾಡಿದ್ದ ಎಪ್ಪತ್ತು ದಾಟಿದ ಮನುಷ್ಯ, ತೆಂಗಿನ ಮರದಷ್ಟು ಎತ್ತರ. ಈ ಪತಂಗವನ್ನು ಇಲ್ಲಿ ಮೊದಲು ಕಂಡು, ಸೌಮ್ಯಾಳ ವಿಭಾಗಕ್ಕೆ ಕಾಗದ ಬರೆದವರು ಅವರೇ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಗಾಡಿಗೆ ಕಟ್ಟಿದ ಎರಡು ಮುದಿ ಎತ್ತುಗಳಂತಿದ್ದುದರಿಂದ ಮಾತು ನಿಧಾನವಾಗಿ, ಆದರೆ ಒಂದೇ ಹೆಜ್ಜೆಯಲ್ಲಿ ಸಾಗುತ್ತಿತ್ತು. ಪ್ರವಾಹದ ರಾತ್ರಿಗಳಲ್ಲಿ ಕಾವಲಿಗೆ ಅವರೂ ಲಾಂದ್ರ ಹಿಡಿದು ಈ ಏರಿಯ ಮೇಲೆ ನಡೆದಿದ್ದರಂತೆ.

“ಹಾಗಾದರೆ ಏರಿ ಗಟ್ಟಿ ಮಾಡೋದು ನಿಮಗೆ ಬೇಕೋ ಬೇಡವೋ?” ಎಂದು ಕೇಳಿದೆ.

“ಬೇಕು. ಏರಿ ಇಲ್ಲದಿದ್ದರೆ ನಾನೂ ಇಲ್ಲ, ಹುಳುವೂ ಇಲ್ಲ. ಆದರೆ ಹುಳುವನ್ನು ಕೇಳದೆ ಮಾಡಬಾರದು,” ಎಂದರು.

ಇಳಿಜಾರಿನಲ್ಲಿ ಹಳದಿ ಬೆರೆತ ಹೂವಿನ ಆ ಗಿಡಗಳು ನೂರಾರಿದ್ದವು. ಸೌಮ್ಯಾ ಅಲ್ಲಲ್ಲಿ ಕಡ್ಡಿ ನೆಟ್ಟು ದಾರ ಕಟ್ಟಿದ್ದಳು. “ಚಿಕ್ಕಮ್ಮ, ಇಲ್ಲಿ ಕೂತಿರಿ. ಹೆಂಕ್ ಅವರ ಮನೆಯಿಂದ ಅಳತೆ ಟೇಪು ತರ್ತೀನಿ. ಏನನ್ನೂ ಮುಟ್ಬೇಡಿ,” ಎಂದು ಹೇಳಿ ಇಬ್ಬರೂ ಕೆಳಗಿಳಿದರು.

ನಾನು ಕೂತೆ. ಬಿಸಿಲು ಹಿತವಾಗಿತ್ತು. ಎರಡು ಮೊಳದ ಆಚೆ ಒಂದು ಗಿಡ. ಉಳಿದವು ಮುಖವೆತ್ತಿ ನಿಂತಿದ್ದರೆ ಇದರ ಎಲೆಯಲ್ಲಿ ಕಳೆ ಇರಲಿಲ್ಲ. ತುದಿ ಸ್ವಲ್ಪವೇ ಜೋತಿತ್ತು. ಬುಡದಲ್ಲಿ ಹೋದ ವರ್ಷದ ಒಣಕಡ್ಡಿಯೊಂದು ಓರೆಯಾಗಿ ನಿಂತಿತ್ತು. ಕಬ್ಬಿನಲ್ಲಿ ಸುಳಿ ಒಣಗಿದ್ದರೆ ಹಿಡಿದು ಎಳೆದು ನೋಡುತ್ತೇವೆ. ಸಲೀಸಾಗಿ ಕಳಚಿ ಬಂದರೆ ಒಳಗೆ ಕಳ್ಳ ಇದ್ದಾನೆಂದು ಅರ್ಥ. ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಒಣಕಡ್ಡಿ ಹಿಡಿದು ಎಳೆದೆ. ಬೆಣ್ಣೆಯಲ್ಲಿನ ಕೂದಲಿನಂತೆ ಬಂತು. ಅದರ ಬುಡದಲ್ಲಿ ಹಿಕ್ಕೆಯ ಪುಡಿ. ಬೀಗದ ಕೈಯಿಂದ ಮಣ್ಣು ಕೆದಕಿ, ಗಿಡವನ್ನು ಬೇರುಸಮೇತ ಮೇಲೆತ್ತಿ, ಉಗುರಿನಿಂದ ಸೀಳಿದೆ. ತಾಯಿಬೇರಿನ ನಡುವೆ ನುಣುಪಾದ ಸುರಂಗ, ಅದರೊಳಗೆ ಕೆನೆ ಬಣ್ಣದ ಹುಳು, ಕಂದು ತಲೆ.

ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಹಿಡಿದು ಒತ್ತಿದೆ. ಟಪ್ ಎಂದಿತು. ಕೈಯನ್ನು ಹುಲ್ಲಿಗೆ ಒರಸಿ, ಹೆಮ್ಮೆಯಿಂದ ಕೂಗಿದೆ: “ಸೌಮ್ಯಾ! ಸಿಕ್ತು ಕಣೇ! ಮುಗಿಸಿಬಿಟ್ಟೆ!”

ಓಡಿ ಬಂದವಳ ಮುಖ ನೋಡಿದ ಮೇಲೆಯೇ ನಾನು ಎಲ್ಲಿದ್ದೇನೆಂದು ನನಗೆ ನೆನಪಾದದ್ದು.

ಹೆಂಕ್ ಅವರ ಅಡುಗೆಮನೆ

ಜಜ್ಜಿದ ಹುಳುವಿನಿಂದ ಏನೂ ಹೇಳಲಾಗುವುದಿಲ್ಲವಂತೆ. ಆ ಬೇರಿಗೆ ಜೀರುಂಡೆಯ ಮರಿಯೂ ಬರುತ್ತದೆ. ತಲೆ, ಕಾಲು, ಮೈಮೇಲಿನ ಗುರುತುಗಳನ್ನು ನೋಡಿಯೇ ಗೊತ್ತುಮಾಡಬೇಕು. ನಾನು ಒರಸಿದ ಹುಲ್ಲನ್ನೂ ಸೌಮ್ಯಾ ಮಂಡಿಯೂರಿ ಹುಡುಕಿದಳು. ಐದನೆಯ ಗಿಡ ಮುಗಿದಿತ್ತು. ಇನ್ನು ಒಂದೇ ಒಂದು ಗಿಡ ಕಿತ್ತರೂ ಅಪ್ಪಣೆ ಮೀರಿದಂತೆ.

ನಮ್ಮ ಕಡೆ ಹೀಗಾದರೆ ಯಜಮಾನರು “ಅಯ್ಯೋ ಬಿಡಿಮ್ಮ, ಪರವಾಗಿಲ್ಲ” ಅನ್ನುತ್ತಾರೆ. ಆಮೇಲೆ ಒಂದು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಾನು ಅದಕ್ಕೇ ಕಾದಿದ್ದೆ. ಹೆಂಕ್ ತಮ್ಮ ಅಡುಗೆಮನೆಯಲ್ಲಿ ನನ್ನೆದುರು ಕುಳಿತು, ಕಣ್ಣಿಗೆ ಕಣ್ಣಿಟ್ಟು, “ನೀವು ದೊಡ್ಡ ತಪ್ಪು ಮಾಡಿದಿರಿ,” ಎಂದರು. ಮರುಗಳಿಗೆಗೆ, “ಕಾಫಿ?” ಎಂದರು. ಕಾಫಿ ಕೊಟ್ಟು, ಡಬ್ಬಿ ತೆರೆದು ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ಹಂಚಿ, ಡಬ್ಬಿ ಮುಚ್ಚಿಟ್ಟರು. ಬೈಗುಳವೂ ಒಂದೇ, ಬಿಸ್ಕತ್ತೂ ಒಂದೇ. ಎರಡನೆಯ ಸಲ ಆ ಮಾತು ಅವರ ಬಾಯಲ್ಲಿ ಬರಲಿಲ್ಲ. ಇಂಥ ಜನರನ್ನು ನಾನು ಕಂಡಿರಲಿಲ್ಲ.

ಸೌಮ್ಯಾ ಮಾತ್ರ ಬಿಸ್ಕತ್ತು ಮುಟ್ಟಲಿಲ್ಲ. “ನಾನು ಮೂರು ವರ್ಷ ಹುಡುಕ್ದೆ ಚಿಕ್ಕಮ್ಮ. ನೀವು ಮೂರು ನಿಮಿಷದಲ್ಲಿ ಹುಡುಕಿ, ಮೂರು ಸೆಕೆಂಡಲ್ಲಿ ಸಾಯಿಸಿಬಿಟ್ರಿ,” ಎಂದಳು. ನನ್ನ ಕೈಯಲ್ಲೇ ಆಡಿ ಬೆಳೆದ ಹುಡುಗಿ. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಕಪ್ಪು ಕೆಳಗಿಟ್ಟವಳು ಇದ್ದಕ್ಕಿದ್ದಂತೆ ತಲೆಯೆತ್ತಿದಳು. “ಒಂದ್ನಿಮಿಷ. ಅಷ್ಟು ಗಿಡದಲ್ಲಿ ಅದೇ ಗಿಡ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ? ಆ ಗಿಡದ ಮುಖ ಸರಿ ಇರ್ಲಿಲ್ಲ.”

“ಸರಿ ಇರ್ಲಿಲ್ಲ ಅಂದ್ರೆ? ಎಲೆ ಕಲರ್ರಾ? ಹೈಟಾ?”

“ಅದೆಲ್ಲ ನಂಗೊತ್ತಿಲ್ಲ ಕಣಮ್ಮ. ಮಗೂಗೆ ಹೊಟ್ಟೆನೋವು ಬಂದ್ರೆ ತಾಯಿಗೆ ಗೊತ್ತಾಗಲ್ವಾ, ಹಾಗೆ. ಜೊತೆಗೆ ಹಳೇ ಕಡ್ಡಿ ಓರೆ ನಿಂತಿತ್ತು.”

ಸೌಮ್ಯಾ ಇದನ್ನು ಹೆಂಕ್ ಅವರಿಗೆ ಡಚ್ಚಿನಲ್ಲಿ ಹೇಳಿದಳು. ಅವರು ಒಮ್ಮೆ ನನ್ನನ್ನೂ ಒಮ್ಮೆ ಕಿಟಕಿಯಾಚೆ ಮೇಲೆ ಕಾಣುವ ಏರಿಯನ್ನೂ ನೋಡಿದರು. ಗಿಡ ಕೀಳುವಂತಿಲ್ಲ, ನಿಜ. ಆದರೆ ಕೋಶ ಬಲಿತ ಪತಂಗ ತಾನಾಗಿ ಹೊರಬರುವ ದಿನಗಳಿವು. ಅದು ಹೊರಬರುವುದು ಇದೇ ಹಳೆಯ ಕಡ್ಡಿಯ ಬುಡದಿಂದ. ಬರುವಾಗ ಕೋಶದ ಸಿಪ್ಪೆಯನ್ನು ಅಲ್ಲೇ ಬಿಟ್ಟುಹೋಗುತ್ತದೆ; ಆ ಸಿಪ್ಪೆಯೂ ಸಾಕ್ಷಿಯೇ. ಯಾವ ಗಿಡದಲ್ಲಿ ಹುಳು ಇದೆಯೆಂದು ಮುಟ್ಟದೆ ಹೇಳಬಲ್ಲವರು ಸಿಕ್ಕರೆ, ಅದರ ಮುಂದೆ ಕುಳಿತು ಕಾಯಬಹುದು. ಕೈಯಲ್ಲಿ ಇದ್ದದ್ದು ನಾಲ್ಕು ದಿನ.

ಮಳೆಯ ಮೂರು ದಿನ

ಮಂಗಳವಾರ ಬೆಳಗಾಗುವುದಕ್ಕೆ ಮುಂಚೆಯೇ ಮಳೆ ಹಿಡಿಯಿತು. ಅಡ್ಡಡ್ಡ ಬೀಸುವ ಮಳೆ. ಕೊಡೆ ಹಿಡಿದರೆ ಕೊಡೆ ಒದ್ದೆ, ಹಿಡಿದವರೂ ಒದ್ದೆ. ಹೆಂಕ್ ತಮ್ಮ ತೀರಿಹೋದ ಹೆಂಡತಿಯ ರಬ್ಬರ್ ಬೂಟುಗಳನ್ನು ಅಟ್ಟದಿಂದ ಇಳಿಸಿ ಒರಸಿ ಕೊಟ್ಟರು. ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಬೂಟು ಹಾಕಿ, ಸೌಮ್ಯಾಳ ಮಳೆಯಂಗಿ ತೊಟ್ಟು, ನಾನು ಆ ಇಳಿಜಾರಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತೆ. ಕೈಗಳನ್ನು ನಂಬುವಂತಿರಲಿಲ್ಲವಾದ್ದರಿಂದ ದಪ್ಪ ಉಣ್ಣೆಯ ಕೈಗವಸು ಹಾಕಿಕೊಂಡಿದ್ದೆ.

ಮೊದಲ ದಿನ ಏನೂ ಕಾಣಲಿಲ್ಲ. ಮಳೆಯಲ್ಲಿ ಎಲ್ಲ ಗಿಡಗಳೂ ಮುಖ ಇಳಿಬಿಟ್ಟಿರುತ್ತವೆ. ರೋಗಿ ಯಾರು, ನೆಂದವರು ಯಾರು ಎಂದು ಹೇಳುವುದು ಹೇಗೆ? ಅದೂ ಅಲ್ಲದೆ ನನಗೆ ಗೊತ್ತಿದ್ದದ್ದು ಕಬ್ಬಿನ ಭಾಷೆ. ಈ ಗಿಡದ ಭಾಷೆಯನ್ನು ಅಆಇಈಯಿಂದ ಕಲಿಯಬೇಕಿತ್ತು. ಸುಮ್ಮನೆ ಒಂದೊಂದರ ಮುಂದೆಯೂ ಕುಳಿತೆ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಕಣ್ಣು ಪಳಗಿತು. ಚೆನ್ನಾಗಿರುವ ಗಿಡದ ತುದಿಯಲ್ಲಿ ನೀರಹನಿ ನಿಂತು ಜಾರುತ್ತದೆ. ಬೇರು ಟೊಳ್ಳಾದ ಗಿಡದ ಎಲೆ ಹನಿಯ ಭಾರಕ್ಕೇ ಬಾಗಿ, ಮೇಲೇಳಲು ತಡಮಾಡುತ್ತದೆ. ಸಂಜೆಗೆ ಏಳು ಗಿಡಗಳ ಪಕ್ಕ ಪುಟ್ಟ ಬಿಳಿ ಬಾವುಟ ನೆಟ್ಟೆ.

ನಾನು ಹೀಗೆ ತೆವಳುತ್ತಿದ್ದಾಗ ಮೇಲಿನ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಒಬ್ಬ ಹೆಂಗಸು ಇಳಿದು ಬಂದರು. ಏನನ್ನೂ ಕೇಳದೆ ನನ್ನ ಪಕ್ಕದಲ್ಲೇ ಮಂಡಿಯೂರಿ, ಹುಲ್ಲು ಸರಿಸಿ ಹುಡುಕತೊಡಗಿದರು. ಮಳೆ ಸುರಿಯುತ್ತಲೇ ಇತ್ತು. ಕಾಲು ಗಂಟೆಯಾದ ಮೇಲೆ, “ಉಂಗುರವೋ, ಬೀಗದ ಕೈಯೋ?” ಎಂದು ವಿಚಾರಿಸಿದರು. “ಹುಳು,” ಎಂದೆ. ಅವರು ಒಂದು ಕ್ಷಣ ಯೋಚಿಸಿ, “ಯಾವ ಬಣ್ಣ?” ಎಂದರು. ನಾನು ನಕ್ಕೂ ನಕ್ಕೂ ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಅವರಿಗೆ ನಗುವಂಥದ್ದೇನೂ ಕಾಣಲಿಲ್ಲ. ಇನ್ನೂ ಐದು ನಿಮಿಷ ನೋಡಿ, ಸಿಗಲಿ ಎಂದು ಹರಸಿ ಹೋದರು.

ಗುರುವಾರದ ಹೊತ್ತಿಗೆ ಬಾವುಟಗಳು ಹನ್ನೊಂದಾದವು. ಮೊಣಕಾಲು ಊದಿಕೊಂಡಿತ್ತು, ಮೂಗು ಸೋರುತ್ತಿತ್ತು. ಮಳೆ ಮಾತ್ರ ನಿಂತಿರಲಿಲ್ಲ. ಬಿಸಿಲಿಲ್ಲದೆ ಪತಂಗ ಹೊರಬೀಳುವುದಿಲ್ಲ. ಸೌಮ್ಯಾ ರೇಡಿಯೋ ಹಾಕಿ ಡಚ್ ಹವಾಮಾನ ವಾರ್ತೆಯನ್ನು ಮಂಗಳಾರತಿಗೆ ನಿಂತವಳಂತೆ ಕೈಕಟ್ಟಿ ಕೇಳುತ್ತಿದ್ದಳು.

“ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡೇ,” ಎಂದೆ.

“ಸಿಟ್ಟಿದೆ. ಆದ್ರೆ ನೀವು ಆ ಕೆಸರಲ್ಲಿ ತೆವಳೋದು ನೋಡಿ ಪೂರ್ತಿ ಸಿಟ್ಟು ಮಾಡ್ಕೊಳ್ಳೋಕೂ ಆಗ್ತಿಲ್ಲ.” ಬಂದು ನನ್ನ ಮೊಣಕಾಲಿಗೆ ಮುಲಾಮು ಹಚ್ಚಿದಳು. “ಚಿಕ್ಕಮ್ಮ, ಮೂರು ವರ್ಷದಲ್ಲಿ ನಾನು ಗಿಡ ಎಣಿಸಿದೀನಿ, ಅಳ್ದಿದೀನಿ. ನಿಮ್ಮ ಥರ ಸುಮ್ನೆ ಎದುರಿಗೆ ಕೂತಿರ್ಲಿಲ್ಲ.”

ಶುಕ್ರವಾರ

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ನಾವಿಬ್ಬರೂ ಹಲ್ಲುಜ್ಜುವುದನ್ನೂ ಮರೆತು ಹೊರಟೆವು.

ಏಳೂವರೆಗೆ ಏರಿಯಿಂದ ಹಬೆಯೇಳುತ್ತಿತ್ತು. ಹನ್ನೊಂದು ಬಾವುಟ, ಮೂರು ಜನ. ಹೆಂಕ್ ನಾಲ್ಕರ ಮುಂದೆ, ಸೌಮ್ಯಾ ನಾಲ್ಕರ ಮುಂದೆ, ನಾನು ಮೂರರ ಮುಂದೆ ಕುಳಿತೆವು. ಎಂಟಾಯಿತು. ಎಂಟೂವರೆಯಾಯಿತು. ಎಂಜಿನಿಯರ್ ಒಂಬತ್ತಕ್ಕೆ ಬರುವವರು. ಇಲ್ಲಿ ಒಂಬತ್ತು ಎಂದರೆ ಒಂಬತ್ತೇ. ನಾನು ಗುರುತಿಸಿದ ಗಿಡಗಳೆಲ್ಲ ಸುಳ್ಳಾದರೆ? ಮುದುಕಿಯ ಮಾತು ನಂಬಿ ಈ ಹುಡುಗಿ ಮೂರು ವರ್ಷವನ್ನು ಮಣ್ಣುಪಾಲು ಮಾಡಿಕೊಂಡಳೆಂದಾದರೆ?

ನನ್ನ ಎರಡನೆಯ ಬಾವುಟದ ಗಿಡದ ಬುಡದಲ್ಲಿ ಏನೋ ಅಲುಗಿತು.

ಮೊದಲು ಇರುವೆಯೆಂದುಕೊಂಡೆ. ಬಗ್ಗಿದೆ. ಒಣಕಡ್ಡಿಯ ಬುಡದಲ್ಲಿ ಹಿಕ್ಕೆಯಿಂದ ಮುಚ್ಚಿದ್ದ ಒಂದು ಚುಕ್ಕೆಯಷ್ಟು ಬಾಗಿಲು ಒಳಗಿನಿಂದ ತಳ್ಳಿಸಿಕೊಂಡು ಬಿದ್ದುಹೋಯಿತು. ಗೋಧಿಕಾಳಿನಂಥ ಕಂದು ಕೋಶವೊಂದು ತಿರುಗಿ ತಿರುಗಿ ಅರ್ಧ ಹೊರಗೆ ಬಂದು ನಿಂತಿತು. ಕೈ ಮೇಲೆತ್ತಿದೆ. ಸೌಮ್ಯಾ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದಳು. ಹೆಂಕ್ ತಮ್ಮ ಉದ್ದದ ಮೈಯನ್ನು ಮಡಿಸಿಕೊಂಡು ಪಕ್ಕದಲ್ಲಿ ಕುಳಿತರು.

ಕೋಶದ ಬೆನ್ನು ಬಿರಿಯಿತು. ಒಳಗಿನಿಂದ ಕಪ್ಪು ತಲೆ, ಆಮೇಲೆ ಕಾಲುಗಳು, ಆಮೇಲೆ ಒದ್ದೆ ಬಟ್ಟೆಯ ಚೂರಿನಂತೆ ಮುದುಡಿದ ರೆಕ್ಕೆಗಳು ಬಂದವು. ಅದು ಒಂದು ಹುಲ್ಲಿನೆಸಳನ್ನು ಹತ್ತಿ ತಲೆ ಮೇಲೆ ಮಾಡಿ ನಿಂತಿತು. ನಾವು ನೋಡುನೋಡುತ್ತಿದ್ದಂತೆ ರೆಕ್ಕೆ ಬಿಚ್ಚಿಕೊಂಡಿತು. ರೆಕ್ಕೆಯೆಂದರೆ ಕಂದು ಅಂಚು ಕಟ್ಟಿದ ಗಾಜು. ಅದರ ಮೂಲಕ ಆಚೆಯ ಹುಲ್ಲು ಕಾಣುತ್ತಿತ್ತು. ಕಪ್ಪು ಹೊಟ್ಟೆಯ ಮೇಲೆ ಬಿಳಿ ಪಟ್ಟಿಗಳು, ಬಾಲದಲ್ಲಿ ಪುಟ್ಟ ಚವರಿ. ಕಣಜವಲ್ಲವೆಂದು ಗೊತ್ತಿದ್ದೂ ನಾನು ಹಿಂದಕ್ಕೆ ಸರಿದೆ.

ಇದು ನಾನು ಉಗುರಿನಲ್ಲಿ ಒತ್ತಿದ ಕೆನೆ ಬಣ್ಣದ ಹುಳುವೇ? ಬೆಳಕು ಎಂದರೇನೆಂದು ತಿಳಿಯದೆ, ನಾಲಗೆ ಸುಡುವ ವಿಷದ ಹಾಲು ಕುಡಿದುಕೊಂಡು, ಮಣ್ಣಿನ ಕತ್ತಲಲ್ಲಿ ಮಲಗಿದ್ದದ್ದು ಇದೇ? ಅಲ್ಲಿ ಇದಕ್ಕೆ ಗಾಜಿನ ರೆಕ್ಕೆ ಮಾಡಿಕೊಳ್ಳಲು ಹೇಳಿಕೊಟ್ಟವರು ಯಾರು? ತಾನು ಎಂದೂ ಕಾಣದ ಕಣಜದ ವೇಷ ಕಟ್ಟಲು ಕಲಿಸಿದವರು ಯಾರು? ಮೂವತ್ತು ವರ್ಷ ನಾನು ಹುಳುಗಳ ಕತೆಯನ್ನು ನಡುವಿನಲ್ಲೇ ನಿಲ್ಲಿಸುತ್ತ ಬಂದವಳು. ಒಂದನ್ನಾದರೂ ಕೊನೆಯವರೆಗೆ ನೋಡಿರಲಿಲ್ಲ. ನನಗೆ ಅಳು ಬಂತು, ಅತ್ತೆ. ಸೌಮ್ಯಾ ನನ್ನ ಕೈಗವಸನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಬೆನ್ನ ಹಿಂದೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಒಂಬತ್ತು ಗಂಟೆ. ಮಂಡಳಿಯ ಎಂಜಿನಿಯರ್ ಅನೆಕೆ ಎಂಬ ನಡುವಯಸ್ಸಿನ ಹೆಣ್ಣುಮಗಳು. ಹೆಂಕ್ ತುಟಿಯ ಮೇಲೆ ಬೆರಳಿಟ್ಟು ಕರೆದರು. ಆಕೆ ಕಡತವನ್ನು ಹುಲ್ಲಿನ ಮೇಲಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟು ನೆನೆಯುವುದನ್ನೂ ಲೆಕ್ಕಿಸದೆ ನಮ್ಮ ಸಾಲಿನಲ್ಲಿ ಮಂಡಿಯೂರಿದರು. ನಾಲ್ಕು ದೊಡ್ಡ ತಲೆಗಳು, ಒಂದು ಹುಲ್ಲಿನೆಸಳು. ಪತಂಗದ ಮೈ ಒಮ್ಮೆ ಸಣ್ಣಗೆ ನಡುಗಿತು. ಮರುಕ್ಷಣ ಅದು ಅಲ್ಲಿರಲಿಲ್ಲ. ಕೋಶದ ಸಿಪ್ಪೆ ಮಾತ್ರ ಬುಡದಲ್ಲಿ ಅರ್ಧ ಹೊರಗೆ ಚಾಚಿ ನಿಂತಿತ್ತು.

“ಮೋಯ್,” ಎಂದರು ಅನೆಕೆ. ಚೆಂದ ಎನ್ನುವುದಕ್ಕೆ ಅವರ ಮಾತು. ಆಮೇಲೆ ಎದ್ದುನಿಂತು, ಮಂಡಿಯ ಕೆಸರು ಕೊಡವಿ, ಎರಡು ಕಡ್ಡಿಗಳ ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆದರು. ಈ ತುಂಡಿನ ಹುಲ್ಲುಮಣ್ಣ‌ನ್ನು ಬೇರು ಇಳಿದಷ್ಟು ಆಳಕ್ಕೆ ಕೊಯ್ದು ತೆಗೆದಿಡುತ್ತೇವೆ, ಈ ವರ್ಷದ ಪತಂಗಗಳೆಲ್ಲ ಹೊರಬರುವವರೆಗೆ ಇಲ್ಲಿ ಯಂತ್ರ ಬರುವುದಿಲ್ಲ, ಕೆಲಸವನ್ನು ಆ ತುದಿಯಿಂದ ಶುರುಮಾಡುತ್ತೇವೆ ಎಂದರು. ಅಷ್ಟೇ. ಚಪ್ಪಾಳೆಯಿಲ್ಲ, ಹಾರವಿಲ್ಲ. ಹೆಂಕ್ ಮುಖ ಆಚೆ ತಿರುಗಿಸಿ ಬಹಳ ಹೊತ್ತು ಮೂಗು ಒರಸಿಕೊಂಡರು.

ಆಮೇಲೆ ಅನೆಕೆ ಕಡತದಿಂದ ಒಂದು ನಮೂನೆ ತೆಗೆದು ಸೌಮ್ಯಾಳ ಕೈಗೆ ಕೊಟ್ಟರು. ತೆಗೆದ ಗಿಡಗಳು ಐದು ಎಂದು ಸೌಮ್ಯಾ ಬರೆದಳು. ಖಾಲಿ ಇದ್ದವು ನಾಲ್ಕು. ಮುಂದಿನ ಸಾಲಿಗೆ ಬಂದು ಅವಳ ಪೆನ್ನು ನಿಂತಿತು.

“ಏನದು?” ಎಂದೆ.

“ಸರ್ವೇ ಮಾಡುವಾಗ ಸತ್ತ ಜೀವಿಗಳು ಎಷ್ಟು, ಯಾರ ಕೈಯಿಂದ ಅಂತ,” ಎಂದಳು ಕನ್ನಡದಲ್ಲಿ, ದನಿ ತಗ್ಗಿಸಿ. “ಇರಲಿ ಬಿಡಿ. ಗಿಡ ತೆಗೆಯುವಾಗ ಡ್ಯಾಮೇಜ್ ಆಯ್ತು ಅಂತ ನನ್ನ ಹೆಸರಲ್ಲೇ ಬರೀತೀನಿ.”

ನಾನು ಆ ಹಾಳೆಯನ್ನು ನೋಡಿದೆ. ನಾನು ಕೊಂದದ್ದು, ಕೊಲ್ಲಿಸಿದ್ದು ಎಷ್ಟು ಕೋಟಿಯೋ. ಕಬ್ಬು ಬೆಳೆದವರ ಮಕ್ಕಳು ಉಣ್ಣಬೇಕಿತ್ತು. ಅದಕ್ಕಾಗಿ ನಾನು ಇಂದಿಗೂ ನೊಂದುಕೊಳ್ಳುವುದಿಲ್ಲ. ಆದರೆ ನನ್ನ ವರದಿಗಳಲ್ಲಿ ಅವೆಲ್ಲ ಶೇಕಡಾ ಇಷ್ಟು ಎಂಬ ಅಂಕಿಗಳು. ಒಂದೇ ಒಂದು ಹುಳು ಸತ್ತರೆ ಅದು ಯಾರ ಕೈಯಲ್ಲಿ ಸತ್ತಿತೆಂದು ಕೇಳುವ ಕಚೇರಿಯೊಂದು ಈ ಭೂಮಿಯ ಮೇಲಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನದಿಗಿಂತ ತಗ್ಗಿನಲ್ಲಿ ನಿಂತಿದ್ದ ಹಸುಗಳನ್ನು ಕಂಡಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ.

“ಕೊಡಿಲ್ಲಿ ಪೆನ್ನು,” ಎಂದೆ.

ಉಣ್ಣೆಯ ಕೈಗವಸು ಕಳಚಿ, ಎಷ್ಟು ಎಂದಿದ್ದಲ್ಲಿ ಒಂದು ಎಂದು ಬರೆದೆ. ಯಾರ ಕೈಯಿಂದ ಎಂದಿದ್ದಲ್ಲಿ ನನ್ನ ಇನಿಷಿಯಲ್ಲುಗಳ ಸಮೇತ ಎಂ. ಕೆ. ಸರೋಜಮ್ಮ ಎಂದು, ಅವರಿಗೆ ಓದಲು ಬರುವಂತೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಬಿಡಿಸಿ ಬಿಡಿಸಿ ಬರೆದೆ. ಅನೆಕೆ ಅದನ್ನು ಓದಿ, ನನ್ನ ಮುಖ ನೋಡಿ, ಕೆಳಗೆ ತಮ್ಮ ಸಹಿ ಹಾಕಿದರು.